ಸಾಕಿದ ಮೀನಿನ ಮರಿಯಲ್ಲಿ ಕೊಬ್ಬು ಜಾಸ್ತಿ. ಆ ಕೊಬ್ಬು ಎಲ್ಲಿಂದ ಬಂತು?

ಸಾಲ್ಮನ್ ಮೀನಿನ ವಿಷಯದಲ್ಲಿ ಎರಡು ವಾದಗಳು ಯಾವಾಗಲೂ ಎದುರುಬದುರು ನಿಲ್ಲುತ್ತವೆ. ಸಾಕಿದ ಸಾಲ್ಮನ್‌ನಲ್ಲಿ ಒಮೆಗಾ-3 ಜಾಸ್ತಿ, ಹಾಗಾಗಿ ಅದೇ ಒಳ್ಳೆಯದು ಅಂತ ಕೆಲವರು. ಸಾಕಿದ್ದರಲ್ಲಿ ಬರೀ ಕೊಬ್ಬು, ತಾನಾಗಿ ಬೆಳೆದ ಮೀನೇ ಒಳ್ಳೆಯದು ಅಂತ ಇನ್ನು ಕೆಲವರು. ಲಂಡನ್ನಿನಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡದ ಮನೆಗಳಲ್ಲಿ ಇದು ವಾರದ ಸಾಮಾನು ತರುವಾಗಿನ ಪ್ರಶ್ನೆ. ಈಗ ಬೆಂಗಳೂರಿನ ದೊಡ್ಡ ಅಂಗಡಿಗಳ ಫ್ರೀಜರ್‌ನಲ್ಲೂ ನಾರ್ವೆಯ ಸಾಲ್ಮನ್ ಸಿಗುತ್ತದೆ, ಹಾಗಾಗಿ ಇಲ್ಲಿಯವರಿಗೂ ಅದೇ ಪ್ರಶ್ನೆ. ಎರಡೂ ಕಡೆಯವರ ಹತ್ತಿರ ಅಂಕಿಗಳಿವೆ. ಎರಡೂ ಕಡೆಯ ಅಂಕಿಗಳು ಸರಿಯೇ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕವನ್ನೇ ತೆಗೆದುಕೊಳ್ಳೋಣ. ಸಾಕಿದ ಅಟ್ಲಾಂಟಿಕ್ ಸಾಲ್ಮನ್‌ನ 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 13.4 ಗ್ರಾಂ ಕೊಬ್ಬು ಇರುತ್ತದೆ. ತಾನಾಗಿ ಬೆಳೆದದ್ದರಲ್ಲಿ ಸುಮಾರು 6.3 ಗ್ರಾಂ, ಅಂದರೆ ಅರ್ಧಕ್ಕಿಂತ ಕಡಿಮೆ. ಪ್ರೋಟೀನ್ ಎರಡರಲ್ಲೂ 20 ಗ್ರಾಂ ಆಸುಪಾಸು, ಅದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ನಮ್ಮ ಹೃದಯಕ್ಕೆ, ಮೆದುಳಿಗೆ ಬೇಕಾದ ಒಮೆಗಾ-3 ಕೊಬ್ಬುಗಳು ಮುಖ್ಯವಾಗಿ ಎರಡು: ಇಪಿಎ ಮತ್ತು ಡಿಎಚ್‌ಎ. ಇವೆರಡೂ ಸೇರಿ ಸಾಕಿದ ಮೀನಿನಲ್ಲಿ ಸುಮಾರು 1.97 ಗ್ರಾಂ, ತಾನಾಗಿ ಬೆಳೆದದ್ದರಲ್ಲಿ ಸುಮಾರು 1.44 ಗ್ರಾಂ.

ಗ್ರಾಂ ಲೆಕ್ಕದಲ್ಲಿ ಸಾಕಿದ್ದು ಗೆದ್ದಿತು. ಈಗ ಅದೇ ಅಂಕಿಯನ್ನು ಶೇಕಡಾ ಲೆಕ್ಕಕ್ಕೆ ತಿರುಗಿಸಿ. ತಾನಾಗಿ ಬೆಳೆದ ಮೀನಿನ ಒಟ್ಟು ಕೊಬ್ಬಿನಲ್ಲಿ ಈ ಎರಡರ ಪಾಲು ಸುಮಾರು ಶೇ 23. ಸಾಕಿದ್ದರಲ್ಲಿ ಶೇ 15ರ ಹತ್ತಿರ. ಈಗ ತಾನಾಗಿ ಬೆಳೆದದ್ದು ಗೆದ್ದಿತು! ಮಾರುವವರು ಒಂದು ಲೆಕ್ಕ ಹೇಳುತ್ತಾರೆ, ವಿರೋಧಿಸುವವರು ಇನ್ನೊಂದು ಹೇಳುತ್ತಾರೆ. ಮೀನಿನ ಕೊಬ್ಬಿನ ಬಗ್ಗೆ ಯಾವುದೇ ಸುದ್ದಿ ಓದುವಾಗ ಮೊದಲು ನೋಡಬೇಕಾದದ್ದು ಇದು: 100 ಗ್ರಾಂ ಮಾಂಸಕ್ಕೆ ಎಷ್ಟು ಅಂತ ಹೇಳುತ್ತಿದ್ದಾರೋ, ಅಥವಾ ಕೊಬ್ಬಿನೊಳಗೆ ಶೇಕಡಾ ಎಷ್ಟು ಅಂತ ಹೇಳುತ್ತಿದ್ದಾರೋ? ಎಷ್ಟೋ ಜಗಳ ಇಲ್ಲೇ ಹುಟ್ಟುತ್ತದೆ.

ಆದರೆ ಇವು ಬಲಿತ ಮೀನಿನ ಅಂಕಿಗಳು. ಈ ವ್ಯತ್ಯಾಸ ಶುರುವಾಗುವುದು ಮೀನು ಇನ್ನೂ ಬೆರಳುದ್ದ ಇರುವಾಗಲೇ. ಮರಿಯ ಹಂತಕ್ಕೆ ಹೋಗಿ ನೋಡಿದರೆ ಯಾವುದು ಒಳ್ಳೆಯದು ಎನ್ನುವ ಪ್ರಶ್ನೆಯೇ ಬದಲಾಗುತ್ತದೆ.

ಸಾಲ್ಮನ್ ಹುಟ್ಟುವುದು ಸಿಹಿನೀರಿನ ಹೊಳೆಯಲ್ಲಿ. ಜಲ್ಲಿಕಲ್ಲಿನ ನಡುವೆ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿ ಮೊದಲು ಹೊಟ್ಟೆಗೆ ಅಂಟಿಕೊಂಡ ಭಂಡಾರದ (ಮೊಟ್ಟೆಯ ಹಳದಿಯ) ಚೀಲವನ್ನೇ ತಿಂದು ಬದುಕುತ್ತದೆ. ಅದು ಮುಗಿದ ಮೇಲೆ ನೀರಿನಲ್ಲಿ ತೇಲಿಬರುವ ಹುಳುಹುಪ್ಪಟೆಗಳೇ ಆಹಾರ. ಅಟ್ಲಾಂಟಿಕ್ ಸಾಲ್ಮನ್ ಒಂದರಿಂದ ಮೂರ್ನಾಲ್ಕು ವರ್ಷ, ಚಳಿ ಜಾಸ್ತಿ ಇರುವ ಕಡೆ ಇನ್ನೂ ಹೆಚ್ಚು ಕಾಲ, ಹೊಳೆಯಲ್ಲೇ ಇರುತ್ತದೆ. ಆಮೇಲೆ ಮೈಬಣ್ಣ ಬೆಳ್ಳಿಯಂತಾಗಿ, ಉಪ್ಪುನೀರು ತಡೆಯುವ ಶಕ್ತಿ ಬಂದು, ಸಮುದ್ರದ ಕಡೆ ಹೊರಡುತ್ತದೆ. ಈ ಹಂತದ ಮರಿಗೆ ಸ್ಮೋಲ್ಟ್ ಅಂತ ಹೆಸರು.

ಹೊಳೆಯ ಹುಳುಗಳಲ್ಲಿ ಇಪಿಎ ಸಾಕಷ್ಟು ಇರುತ್ತದೆ, ಡಿಎಚ್‌ಎ ಮಾತ್ರ ತೀರಾ ಕಡಿಮೆ. ಜೊತೆಗೆ ಒಮೆಗಾ-6 ಎಂಬ ಇನ್ನೊಂದು ಗುಂಪಿನ ಕೊಬ್ಬಾದ ಅರಾಕಿಡೋನಿಕ್ ಆಮ್ಲವೂ ಇರುತ್ತದೆ. ಹಾಗಾಗಿ ಹೊಳೆಯ ಮರಿಯ ಕೊಬ್ಬು ಅದೇ ಬಗೆಯದು. ಬೇಕಾದ ಡಿಎಚ್‌ಎಯನ್ನು ಮರಿ ತನ್ನ ದೇಹದಲ್ಲೇ ಸಣ್ಣ ಸರಪಳಿಯ ಕೊಬ್ಬಿನಿಂದ ತಯಾರಿಸಿಕೊಳ್ಳುತ್ತದೆ. ಸಿಹಿನೀರಿನಲ್ಲಿ ಹುಟ್ಟುವ ಸಾಲ್ಮನ್‌ಗೆ ಆ ಶಕ್ತಿ ಇದೆ. ಸಮುದ್ರದಲ್ಲೇ ಹುಟ್ಟಿ ಬೆಳೆಯುವ ಹೆಚ್ಚಿನ ಮೀನುಗಳಿಗೆ ಅದು ಅಷ್ಟಾಗಿ ಇಲ್ಲ, ಯಾಕೆಂದರೆ ಅಲ್ಲಿನ ಆಹಾರದಲ್ಲೇ ಡಿಎಚ್‌ಎ ಧಾರಾಳವಾಗಿ ಸಿಗುತ್ತದೆ.

ಹ್ಯಾಚರಿ ಅಂದರೆ ಮೊಟ್ಟೆಯೊಡೆಸಿ ಮರಿ ಸಾಕುವ ಜಾಗ. ಅಲ್ಲಿನ ಮರಿಗೆ ಸಿಗುವುದು ಮೀನುಹಿಟ್ಟು, ಮೀನೆಣ್ಣೆ, ಸೋಯಾ, ಸಾಸಿವೆ ಜಾತಿಯ ಎಣ್ಣೆ ಸೇರಿಸಿ ಮಾಡಿದ ಸಣ್ಣ ಉಂಡೆಗಳು. ಹುಡುಕುವ ಶ್ರಮ ಇಲ್ಲ. ಹಕ್ಕಿ, ನೀರುನಾಯಿಗೆ ಹೆದರಿ ಓಡುವುದಿಲ್ಲ. ರಭಸದ ನೀರಿನಲ್ಲಿ ಜಾಗ ಹಿಡಿದು ನಿಲ್ಲಬೇಕಾಗಿಲ್ಲ. ತಿಂದದ್ದರಲ್ಲಿ ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಕೂರುತ್ತದೆ. ಸಮುದ್ರಕ್ಕೆ ಇಳಿಯುವ ಹೊತ್ತಿಗೆ ಹೊಳೆಯ ಮರಿಯಲ್ಲಿ ಕೊಬ್ಬು ಮೈತೂಕದ ಶೇ 2-3ರ ಆಸುಪಾಸಿಗೆ ಇಳಿದಿರುತ್ತದೆ. ಸಾಕಿದ ಮರಿಯಲ್ಲಿ ಅದರ ಎರಡು-ಮೂರು ಪಟ್ಟು ಇರುವುದು ಸಾಮಾನ್ಯ.

ಹೊಳೆಯ ಮರಿ ಬಡಕಲಾಗಿದೆ, ಪಾಪ, ಹೊಟ್ಟೆಗಿಲ್ಲ ಅಂತ ಅನಿಸಬಹುದು. ಹಾಗಲ್ಲ. ಚಳಿಗಾಲಕ್ಕೆ ಮುಂಚೆ ಅದೂ ಕೊಬ್ಬು ಕೂಡಿಟ್ಟಿರುತ್ತದೆ. ಚಳಿಗಾಲ ಅದನ್ನು ಕರಗಿಸುತ್ತದೆ. ವಸಂತದಲ್ಲಿ ಸ್ಮೋಲ್ಟ್ ಆಗಿ ಮಾರ್ಪಡುವಾಗ ಉಳಿದದ್ದರಲ್ಲೂ ಬಹಳಷ್ಟು ಖರ್ಚಾಗುತ್ತದೆ. ಅದೇ ಹೊತ್ತಿಗೆ ಜೀವಕೋಶದ ಪೊರೆಗಳಲ್ಲಿ ಡಿಎಚ್‌ಎ ಪಾಲು ಏರುತ್ತದೆ. ಇನ್ನೂ ಸಿಹಿನೀರಿನಲ್ಲಿ ಇರುವಾಗಲೇ, ಸಮುದ್ರದ ಒಂದು ತುತ್ತೂ ತಿನ್ನದೆ, ಮರಿಯ ಮೈ ಸಮುದ್ರದ ಮೀನಿನ ಮೈಯಾಗಲು ತಯಾರಾಗುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೆರಗು ಹುಟ್ಟಿಸುವುದು ಇದೇ. ಕೊಬ್ಬಿನ ಪ್ರಮಾಣ ಇಳಿಯುತ್ತಿದೆ, ಆದರೆ ಬೇಕಾದ ಕೊಬ್ಬು ಬೇಕಾದ ಜಾಗಕ್ಕೆ ಹೋಗಿ ಸೇರುತ್ತಿದೆ. ಒಟ್ಟು ಕೊಬ್ಬು ಎಷ್ಟು ಅಂತ ಮಾತ್ರ ಅಳೆದರೆ ಇದು ಕಾಣುವುದೇ ಇಲ್ಲ.

ಮರಿಗೆ ಕೊಬ್ಬು ಜಾಸ್ತಿಯಾದರೆ ತೊಂದರೆ ಏನು? ಇದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಹೊಳೆಯಲ್ಲಿ ಒಂದು ಸ್ಪಷ್ಟ ಉತ್ತರ ಸಿಕ್ಕಿದೆ. ಅಲ್ಲಿ ಚಿನೂಕ್ ಜಾತಿಯ ಸಾಲ್ಮನ್ ಕಡಿಮೆಯಾಗಿತ್ತು. ಅದನ್ನು ಮತ್ತೆ ಹೆಚ್ಚಿಸಲು ಕ್ಲೀ ಎಲಮ್ ಎಂಬಲ್ಲಿ ಹ್ಯಾಚರಿ ಮಾಡಿ, ಮರಿ ಬೆಳೆಸಿ ಹೊಳೆಗೆ ಬಿಡುತ್ತಾರೆ. ಇಲ್ಲಿನ ಚಿನೂಕ್ ಸಮುದ್ರಕ್ಕೆ ಹೋಗಿ, ಹೆಚ್ಚಾಗಿ ನಾಲ್ಕನೇ ವರ್ಷದ ಹೊತ್ತಿಗೆ ದೊಡ್ಡದಾಗಿ ವಾಪಸು ಬರಬೇಕು. ಆದರೆ ಹ್ಯಾಚರಿಯ ಗಂಡು ಮರಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಸಮುದ್ರದಲ್ಲಿ ಬೆಳೆಯುವ ಮೊದಲೇ, ಅಂಗೈ ಉದ್ದ ಇರುವಾಗಲೇ, ಪ್ರಾಯಕ್ಕೆ ಬಂದುಬಿಡುತ್ತಿದ್ದವು. ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಬೆಳವಣಿಗೆಯ ವೇಗ ಮತ್ತು ಮೈಯಲ್ಲಿ ಕೂಡಿದ ಕೊಬ್ಬು. ಮುಂದಿನ ವರ್ಷ ಪ್ರಾಯಕ್ಕೆ ಬರಬೇಕೋ ಬೇಡವೋ ಎನ್ನುವುದನ್ನು ಮೀನಿನ ದೇಹ ತಿಂಗಳುಗಳ ಮೊದಲೇ ನಿರ್ಧರಿಸುತ್ತದೆ. ಕೊಬ್ಬು ಸಾಕಷ್ಟಿದ್ದರೆ, ಇನ್ನು ಸಮುದ್ರಕ್ಕೆ ಹೋಗಿ ಬೆಳೆಯುವ ಅಗತ್ಯ ಇಲ್ಲ ಅಂತ ದೇಹಕ್ಕೆ ಅದೇ ಸಂಕೇತ. ಆಹಾರ ಕಡಿಮೆ ಮಾಡಿದಾಗ, ಆಹಾರದ ಕೊಬ್ಬು ಇಳಿಸಿದಾಗ, ಇಂಥ ಗಂಡುಮರಿಗಳ ಸಂಖ್ಯೆಯೂ ಇಳಿಯಿತು. ಹೊಳೆಯಲ್ಲೇ ಹುಟ್ಟಿದ ಮರಿಗಳಲ್ಲಿ ಈ ತೊಂದರೆ ತುಂಬಾ ಕಡಿಮೆ.

ಹಾಗಂತ ಕೊಬ್ಬು ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತಲ್ಲ. ಇದಕ್ಕೆ ಎದುರಿನ ಉದಾಹರಣೆ ಸ್ಕಾಟ್ಲೆಂಡಿನಿಂದ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೆರಿಂಗ್ ಮೀನಿನ ಮರಿಗಳಿಗೆ ಡಿಎಚ್‌ಎ ಇಲ್ಲದ ಆಹಾರ ಕೊಟ್ಟರು. ಆ ಮರಿಗಳಿಗೆ ಮಂದ ಬೆಳಕಿನಲ್ಲಿ ಬೇಟೆ ಸರಿಯಾಗಿ ಕಾಣಲಿಲ್ಲ. ಕಣ್ಣಿನ ಒಳಪದರಕ್ಕೆ, ಮೆದುಳಿಗೆ ಡಿಎಚ್‌ಎ ಬೇಕೇ ಬೇಕು. ಸಮುದ್ರದ ಮೀನಿನ ಹ್ಯಾಚರಿ ನಡೆಸುವವರಿಗೆ ಇದು ದಿನನಿತ್ಯದ ತಲೆನೋವು. ಮೊಟ್ಟೆಯಿಂದ ಬಂದ ಮರಿ ಉಂಡೆ ತಿನ್ನುವುದಿಲ್ಲ, ಜೀವಂತ ಆಹಾರವೇ ಬೇಕು. ಅದಕ್ಕೆ ರೋಟಿಫರ್, ಆರ್ಟೀಮಿಯಾ ಎನ್ನುವ ಸೂಕ್ಷ್ಮ ಜೀವಿಗಳನ್ನು ಬೆಳೆಸಿ ಕೊಡುತ್ತಾರೆ. ಆರ್ಟೀಮಿಯಾದಲ್ಲಿ ಡಿಎಚ್‌ಎ ಇಲ್ಲವೇ ಇಲ್ಲ ಅನ್ನಬಹುದು. ಆದ್ದರಿಂದ ಅದಕ್ಕೆ ಮೊದಲು ಮೀನೆಣ್ಣೆಯನ್ನೋ ಪಾಚಿಯನ್ನೋ ತಿನ್ನಿಸಿ, ಅದನ್ನು ಮರಿಗೆ ತಿನ್ನಿಸಬೇಕು. ತಡಮಾಡಿದರೆ ಆರ್ಟೀಮಿಯಾ ಆ ಡಿಎಚ್‌ಎಯನ್ನು ತಾನೇ ಕರಗಿಸಿಬಿಡುತ್ತದೆ.

ಸಾಕಿದ ಮರಿಯಲ್ಲಿ ಹೀಗೆ ಕೊಬ್ಬು ಜಾಸ್ತಿಯಾಗಿದ್ದೂ ಬೇಕಾದ ಕೊಬ್ಬಿನ ಕೊರತೆ ಇರಬಹುದು. ಹೊಳೆಯ ಮರಿ ಬಡಕಲಾಗಿದ್ದೂ ಗಟ್ಟಿಯಾಗಿರಬಹುದು. ಮರಿಯ ಗುಣ ಅಳೆಯಲು ಕೊಬ್ಬಿನ ಪ್ರಮಾಣವೊಂದೇ ಸಾಲದು.

ತಿನ್ನುವವರಿಗೆ ಇದರಿಂದ ಏನು ವ್ಯತ್ಯಾಸ? ನೇರವಾಗಿ ನೋಡಿದರೆ ಹೆಚ್ಚೇನೂ ಇಲ್ಲ. ಸಾಕಣೆಯಲ್ಲಿ ಸ್ಮೋಲ್ಟ್ ಸುಮಾರು 100 ಗ್ರಾಂ ತೂಗುವಾಗ ಸಮುದ್ರದ ಬಲೆಗೂಡಿಗೆ ಹೋಗುತ್ತದೆ, ಹಿಡಿಯುವಾಗ 4-5 ಕಿಲೋ ಆಗಿರುತ್ತದೆ. ಮರಿಯಾಗಿದ್ದಾಗಿನ ಕೊಬ್ಬು ಅಷ್ಟರಲ್ಲಿ ಒಂದು ಲೋಟ ಮಜ್ಜಿಗೆಗೆ ನಲವತ್ತು ಲೋಟ ನೀರು ಬೆರೆಸಿದ ಹಾಗೆ ತೆಳುವಾಗಿ ಹೋಗಿರುತ್ತದೆ. ತಟ್ಟೆಗೆ ಬರುವ ಕೊಬ್ಬು ಕೊನೆಯ ಒಂದು-ಒಂದೂವರೆ ವರ್ಷದಲ್ಲಿ ತಿಂದದ್ದರದ್ದು. ಇದನ್ನು ಬಳಸಿಕೊಂಡೇ ಕೆಲವರು ಬೆಳೆಯುವ ಕಾಲದಲ್ಲಿ ಸಸ್ಯದ ಎಣ್ಣೆ ಕೊಟ್ಟು, ಕೊನೆಯ ಕೆಲವು ತಿಂಗಳು ಮಾತ್ರ ಮೀನೆಣ್ಣೆ ಕೊಡುವ ಉಪಾಯ ಮಾಡುತ್ತಾರೆ. ಅದು ಸಾಕಷ್ಟು ಕೆಲಸವನ್ನೂ ಮಾಡುತ್ತದೆ.

ಇದೇ ಕಾರಣಕ್ಕೆ ಅಲಾಸ್ಕಾದ ಸಾಲ್ಮನ್ ಕುತೂಹಲ ಹುಟ್ಟಿಸುತ್ತದೆ. ಅಲ್ಲಿ ಮೀನು ಸಾಕಣೆಗೆ 1990ರಿಂದ ನಿಷೇಧ ಇದೆ. ಆದರೂ ಕೆಲವು ವರ್ಷ ಅಲ್ಲಿ ಹಿಡಿಯುವ ಸಾಲ್ಮನ್‌ನಲ್ಲಿ ಮೂರನೇ ಒಂದು ಪಾಲಿನಷ್ಟು ಹ್ಯಾಚರಿಯಲ್ಲಿ ಹುಟ್ಟಿದ್ದು. ಮರಿಯನ್ನು ಕೆಲವು ತಿಂಗಳು ಸಾಕಿ ಸಮುದ್ರಕ್ಕೆ ಬಿಡುತ್ತಾರೆ, ಅದು ಸಮುದ್ರದ್ದನ್ನೇ ತಿಂದು ಬೆಳೆದು ಬರುತ್ತದೆ. ಪೊಟ್ಟಣದ ಮೇಲೆ ನೈಸರ್ಗಿಕ ಅಂತ ಇರುತ್ತದೆ. ಕೊಬ್ಬಿನ ಮಟ್ಟಿಗೆ ಅದು ಸುಳ್ಳಲ್ಲ, ಹುಟ್ಟಿನ ಮಟ್ಟಿಗೆ ಪೂರ್ತಿ ನಿಜವೂ ಅಲ್ಲ.

ಇನ್ನು ಬಲೆಗೂಡಿನ ಉಂಡೆಯ ಒಳಗೆ ಏನಿದೆ ನೋಡೋಣ. ನಾರ್ವೆಯಲ್ಲಿ 1990ರ ಸಾಲ್ಮನ್ ಆಹಾರದಲ್ಲಿ ಸುಮಾರು ಶೇ 90 ಸಮುದ್ರದ್ದೇ ಆಗಿತ್ತು, ಮೀನುಹಿಟ್ಟು ಮತ್ತು ಮೀನೆಣ್ಣೆ. 2013ರ ಹೊತ್ತಿಗೆ ಅದು ಶೇ 30ರ ಹತ್ತಿರ ಬಂತು. 2020ರಲ್ಲಿ ಶೇ 22ರ ಆಸುಪಾಸು. ಉಳಿದದ್ದು ಸೋಯಾ, ಗೋಧಿ, ಸಾಸಿವೆ ಜಾತಿಯ ಎಣ್ಣೆ. ಸಾಕಣೆ ಬೆಳೆದಷ್ಟು ವೇಗವಾಗಿ ಸಮುದ್ರದ ಸಣ್ಣ ಮೀನು ಹೆಚ್ಚಾಗಲು ಸಾಧ್ಯವೇ ಇಲ್ಲ, ಅಲ್ವಾ? ಹಾಗಾಗಿ ಬದಲಾವಣೆ ಅನಿವಾರ್ಯವಾಗಿತ್ತು, ಒಂದು ಮಟ್ಟಿಗೆ ಸರಿಯೂ ಹೌದು. ಆದರೆ ಅದರ ಬೆಲೆ ಮೀನಿನ ಮಾಂಸದಲ್ಲಿ ಕಾಣಿಸಿತು. ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು 2006ರಿಂದ 2015ರವರೆಗಿನ ಸ್ಕಾಟ್ಲೆಂಡಿನ ಸಾಕಿದ ಸಾಲ್ಮನ್ ಮಾದರಿಗಳನ್ನು ಹೋಲಿಸಿ ನೋಡಿದರು. 100 ಗ್ರಾಂ ಮಾಂಸದಲ್ಲಿ 2.7 ಗ್ರಾಂ ಇದ್ದ ಇಪಿಎ-ಡಿಎಚ್‌ಎ 1.4 ಗ್ರಾಂಗೆ ಇಳಿದಿತ್ತು. ಹತ್ತು ವರ್ಷದೊಳಗೆ ಅರ್ಧ!

ಈಗ ಮೊದಲಿನ ಕೋಷ್ಟಕಕ್ಕೆ ಹೋಲಿಸಿ. ಗ್ರಾಂ ಲೆಕ್ಕದಲ್ಲಿ ಸಾಕಿದ ಮೀನಿಗೆ ಇದ್ದ ಮುನ್ನಡೆ ಹೋಯಿತು. ಒಮೆಗಾ-3 ಈಗ ಹೆಚ್ಚುಕಡಿಮೆ ಸಮಸಮ, ಆದರೆ ಸಾಕಿದ್ದರಲ್ಲಿ ಒಟ್ಟು ಕೊಬ್ಬು ಮತ್ತು ಸಸ್ಯದ ಎಣ್ಣೆಯಿಂದ ಬರುವ ಒಮೆಗಾ-6 ಜಾಸ್ತಿ. ಅದರಿಂದ ಸಾಕಿದ ಸಾಲ್ಮನ್ ಕೆಟ್ಟ ಆಹಾರ ಆಗುವುದಿಲ್ಲ. 100 ಗ್ರಾಂಗೆ 1.4 ಗ್ರಾಂ ಒಮೆಗಾ-3 ಕೊಡುವ ಆಹಾರಗಳು ಬೇರೆ ಹೆಚ್ಚೇನೂ ಇಲ್ಲ. ಜೊತೆಗೆ, ತಾನಾಗಿ ಬೆಳೆದ ಅಟ್ಲಾಂಟಿಕ್ ಸಾಲ್ಮನ್ ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ ಅನ್ನುವಷ್ಟು ಅಪರೂಪ. 2023ರಲ್ಲಿ ಅದನ್ನು ಅಪಾಯದ ಅಂಚಿಗೆ ಬಂದ ಜಾತಿಗಳ ಪಟ್ಟಿಗೆ ಸೇರಿಸಲಾಯಿತು. ಇವತ್ತು ಅದಕ್ಕೂ ಇದಕ್ಕೂ ಹೋಲಿಸಿ ಆರಿಸಿಕೊಳ್ಳುವ ಅವಕಾಶವೇ ಕೊಳ್ಳುವವರಿಗೆ ಇಲ್ಲ.

ಉಳಿದ ಆ ಶೇ 22 ಎಲ್ಲಿಂದ ಬರುತ್ತದೆ? ಬಹಳ ವರ್ಷಗಳಿಂದ ಜಗತ್ತಿನ ಮೀನೆಣ್ಣೆಯ ದೊಡ್ಡ ಮೂಲ ಪೆರು ದೇಶದ ಆಂಚೊವೆಟಾ ಎಂಬ ಸಣ್ಣ ಮೀನು. ಅಲ್ಲಿ 12 ಸೆಂಟಿಮೀಟರ್‌ಗಿಂತ ಚಿಕ್ಕದನ್ನು ಮರಿ ಅಂತ ಲೆಕ್ಕ ಹಾಕುತ್ತಾರೆ. 2023ರಲ್ಲಿ ಎಲ್ ನಿನೊದಿಂದ ನೀರು ಬಿಸಿಯಾಯಿತು. ಪರೀಕ್ಷೆಗೆ ಬಲೆ ಹಾಕಿದಾಗ ಸಿಕ್ಕಿದ್ದರಲ್ಲಿ ಮರಿಗಳೇ ವಿಪರೀತ. ಸರ್ಕಾರ ದೇಶದ ಉತ್ತರ-ಮಧ್ಯ ಭಾಗದಲ್ಲಿ ವರ್ಷದ ಮೊದಲ ಮೀನುಗಾರಿಕೆ ಋತುವನ್ನೇ ರದ್ದು ಮಾಡಿತು. ಮೀನೆಣ್ಣೆಯ ಬೆಲೆ ದಾಖಲೆ ಮಟ್ಟಕ್ಕೆ ಏರಿತು. ಹ್ಯಾಚರಿಯ ಮರಿಯ ಕೊಬ್ಬಿಗೂ ಪೆಸಿಫಿಕ್‌ನ ಮರಿಗಳಿಗೂ ಇರುವ ಸಂಬಂಧ ಆ ವರ್ಷ ಬಯಲಾಯಿತು. ಸಾಕಿದ ಮೀನಿನ ಒಮೆಗಾ-3ರಲ್ಲಿ ಬಹುಪಾಲನ್ನು ಇನ್ನೊಂದು ಸಮುದ್ರದ ಸಣ್ಣ ಮೀನು ಕೂಡಿಟ್ಟಿರುತ್ತದೆ. ಆ ಸಣ್ಣ ಮೀನೂ ಅದನ್ನು ಸೃಷ್ಟಿಸಿದ್ದಲ್ಲ. ಅದು ಮೂಲದಲ್ಲಿ ಸಮುದ್ರದ ಸೂಕ್ಷ್ಮ ಪಾಚಿಯದ್ದು.

ಕರಾವಳಿಯವರಿಗೆ ಈ ಸರಪಳಿ ಹೊಸದೇನಲ್ಲ. ಸಾರ್ಡಿನ್ ಜಾತಿಯ ನಮ್ಮ ಬೂತಾಯಿಯೂ ಇಂಥದ್ದೇ ಮೀನು. ಉತ್ತರ ಕನ್ನಡದ ಕಡೆ ತಾರ್ಲೆ ಅನ್ನುತ್ತಾರೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ತಳದ ತಂಪು ನೀರು ಮೇಲೆ ಬರುತ್ತದೆ. ಅದರ ಸತ್ವದಿಂದ ಡಯಾಟಮ್ ಎಂಬ ಪಾಚಿ ಹುಲುಸಾಗಿ ಬೆಳೆಯುತ್ತದೆ. ಡಯಾಟಮ್‌ನಲ್ಲಿ ಇಪಿಎ ಧಾರಾಳ. ಅದನ್ನು ತಿಂದ ಬೂತಾಯಿ ಮಳೆ ಮುಗಿದ ಮೇಲೆ ಕೊಬ್ಬುತ್ತದೆ. ಮೊಟ್ಟೆ ಇಡುವ ಕಾಲದ ಆಸುಪಾಸಿನಲ್ಲಿ ಮೈಯಲ್ಲಿ ಶೇ 5ಕ್ಕಿಂತ ಕಡಿಮೆ ಇರುವ ಕೊಬ್ಬು, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಒಳ್ಳೆಯ ದಿನಗಳಲ್ಲಿ ಶೇ 15ನ್ನೂ ದಾಟುತ್ತದೆ. ಒಂದೇ ಮೀನು, ಒಂದೇ ಸಮುದ್ರ, ಆದರೂ ಮೂರು ಪಟ್ಟು ವ್ಯತ್ಯಾಸ! ತಾನಾಗಿ ಬೆಳೆದ ಮೀನಿನಲ್ಲಿ ಕೊಬ್ಬು ಇಷ್ಟೇ ಅಂತ ಒಂದೇ ಅಂಕಿ ಹೇಳುವವರಿಗೆ ಈ ಮೀನನ್ನು ತೋರಿಸಬೇಕು.

ಮಂಗಳೂರು, ಉಳ್ಳಾಲ, ಮಲ್ಪೆ ಸುತ್ತಮುತ್ತ ಮೀನುಹಿಟ್ಟು, ಮೀನೆಣ್ಣೆಯ ಕಾರ್ಖಾನೆಗಳಿವೆ. ಅವುಗಳ ಸರಕು ಸಿಗಡಿ ಮತ್ತು ಮೀನಿನ ಆಹಾರಕ್ಕೆ ದೇಶದೊಳಗೂ ಹೊರಗೂ ಹೋಗುತ್ತದೆ. ಬೂತಾಯಿ ಹೇರಳವಾಗಿ ಸಿಕ್ಕಿ ತಿನ್ನುವವರಿಗೆ ಮಿಕ್ಕಿದಾಗ ಅದು ಎಣ್ಣೆಯಾದರೆ ನನ್ನ ತಕರಾರಿಲ್ಲ. ಮರಿಮೀನು ಅಲ್ಲಿಗೆ ಹೋಗುವುದಕ್ಕೆ ಮಾತ್ರ ಖಂಡಿತ ತಕರಾರಿದೆ. ಮರಿ ತಿಂದದ್ದರಲ್ಲಿ ಹೆಚ್ಚಿನದು ಮೈ ಬೆಳೆಸಲು ಖರ್ಚಾಗುತ್ತದೆ, ಕೂಡಿಡಲು ಉಳಿಯುವುದು ಸ್ವಲ್ಪ. ಎಣ್ಣೆಗೆಂದು ಮರಿ ಹಿಡಿದರೆ ಎಣ್ಣೆಯೂ ಕಡಿಮೆ, ಮುಂದಿನ ವರ್ಷದ ಮೀನೂ ಇಲ್ಲ. ಕೇರಳ 2015ರಿಂದ ಹಿಡಿಯಬಹುದಾದ ಕನಿಷ್ಠ ಗಾತ್ರ ನಿಗದಿ ಮಾಡಿತು. ಬೂತಾಯಿಗೆ ಅದು 10 ಸೆಂಟಿಮೀಟರ್. ಕರ್ನಾಟಕದಲ್ಲಿ ಜೂನ್, ಜುಲೈ ಎರಡು ತಿಂಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಇದೆ. ಅದರ ಜೊತೆಗೆ ಬಲೆಯ ಕಣ್ಣಿನ ಅಳತೆಯನ್ನೂ ಮೀನಿನ ಗಾತ್ರವನ್ನೂ ದಕ್ಕೆಯಲ್ಲಿ ನಿಂತು ನೋಡುವವರು ಬೇಕು. ಕಾಗದದ ಮೇಲೆ ನಿಯಮ ಇದ್ದರೆ ಸಾಲದು.

ಕಾರವಾರ, ಬೈಂದೂರು ಕಡೆಯ ಪಂಜರಗಳಲ್ಲಿ ಸಾಕುವ ಸೀಬಾಸ್ ಮೀನಿಗೂ ಇದೇ ಸಣ್ಣ ಮೀನುಗಳನ್ನು ಕತ್ತರಿಸಿ ಹಾಕುವುದು ರೂಢಿ. ಹಾಗೆ ಬೆಳೆದ ಸೀಬಾಸ್‌ನಲ್ಲಿ ಒಮೆಗಾ-3 ಒಳ್ಳೆಯ ಪ್ರಮಾಣದಲ್ಲೇ ಇರುತ್ತದೆ. ಪೂರ್ತಿ ಉಂಡೆಗೆ ಬದಲಾದ ಮೇಲೆ ಆ ಉಂಡೆಯಲ್ಲಿ ಏನಿದೆಯೋ ಅದೇ ಮೀನಿಗೆ ಬರುತ್ತದೆ. ಕೆರೆಗಳ ಕಾಟ್ಲಾ, ರೋಹು ಬೇರೆ ಕಥೆ. ತೌಡು, ಕಡಲೆಕಾಯಿ ಹಿಂಡಿ ತಿನ್ನುವ ಆ ಮೀನುಗಳಲ್ಲಿ ಕೊಬ್ಬೇ ಕಡಿಮೆ. ಪ್ರೋಟೀನ್‌ಗೆ ಅವು ಚೆನ್ನ, ಒಮೆಗಾ-3ಗೆ ಅವನ್ನು ನೆಚ್ಚಿಕೊಳ್ಳುವುದು ಬೇಡ.

ಮೀನೆಣ್ಣೆಯ ಕೊರತೆ ನೀಗಿಸಲು ಈಗ ಎರಡು ದಾರಿ ತೆರೆದಿವೆ. ಒಂದು, ತೊಟ್ಟಿಯಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳಿಂದ ನೇರವಾಗಿ ತೆಗೆದ ಪಾಚಿ ಎಣ್ಣೆ. ಇನ್ನೊಂದು, ಡಿಎಚ್‌ಎ ತಯಾರಿಸುವಂತೆ ಕುಲಾಂತರಿಸಿದ ಕ್ಯಾನೋಲಾ ಎಂಬ ಸಾಸಿವೆ ಜಾತಿಯ ಬೆಳೆ. ಅದರ ಬೇಸಾಯಕ್ಕೆ ಆಸ್ಟ್ರೇಲಿಯಾ 2018ರಲ್ಲಿ ಅನುಮತಿ ಕೊಟ್ಟಿತು. ಪಾಚಿ ಎಣ್ಣೆ ದುಬಾರಿ, ಆದರೂ ನನಗೆ ಅದೇ ಹೆಚ್ಚು ಭರವಸೆಯ ದಾರಿ ಅನಿಸುತ್ತದೆ. ಒಮೆಗಾ-3 ಹುಟ್ಟುವ ಜಾಗದಿಂದಲೇ ಅದನ್ನು ತೆಗೆದರೆ ಮಧ್ಯದ ಸಣ್ಣ ಮೀನಿಗೆ ಬದುಕಲು ಅವಕಾಶ ಸಿಗುತ್ತದೆ. ಯಾವ ದಾರಿಯೇ ಆಗಲಿ, ಸಾಕಿದ ಮೀನಿನ ಪೊಟ್ಟಣದ ಮೇಲೆ 100 ಗ್ರಾಂಗೆ ಇಪಿಎ-ಡಿಎಚ್‌ಎ ಎಷ್ಟು, ಆಹಾರದಲ್ಲಿ ಮೀನೆಣ್ಣೆ ಎಷ್ಟು ಅಂತ ಬರೆಯುವುದು ಕಡ್ಡಾಯವಾಗಬೇಕು. ಸಾಕಿದ್ದು ಎಂಬ ಒಂದೇ ಪದದಿಂದ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ.

ಅಲ್ಲಿಯವರೆಗೆ ಮನೆಯ ಲೆಕ್ಕ ಹೀಗಿದೆ. ವಯಸ್ಕರಿಗೆ ದಿನಕ್ಕೆ 250 ಮಿಲಿಗ್ರಾಂ ಇಪಿಎ-ಡಿಎಚ್‌ಎ ಸಾಕು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುತ್ತದೆ. ವಾರಕ್ಕೆ 1.75 ಗ್ರಾಂ ಆಯಿತು. ಸಾಕಿದ ಸಾಲ್ಮನ್ ಆದರೆ ಸುಮಾರು 130 ಗ್ರಾಂನ ಒಂದು ತುಂಡಿನಲ್ಲಿ ಅದು ಬರುತ್ತದೆ. ಮಳೆ ಮುಗಿದ ಮೇಲಿನ, ಶೇ 10ರಷ್ಟು ಕೊಬ್ಬಿರುವ ಬೂತಾಯಿ ಆದರೆ ಹೆಚ್ಚುಕಡಿಮೆ 100 ಗ್ರಾಂ ಮಾಂಸ. ಅಂದರೆ ವಾರಕ್ಕೆ ಎರಡು ಹೊತ್ತು ಬೂತಾಯಿ ಪುಳಿಮುಂಚಿ ಉಂಡರೆ ಸಾಕು. ಮಂಗಳೂರಿನಲ್ಲಿ ಇರುವವರು ಒಮೆಗಾ-3ಗಾಗಿ ನಾರ್ವೆಯಿಂದ ವಿಮಾನದಲ್ಲಿ ಬಂದ ಮೀನಿಗೆ ದುಡ್ಡು ಸುರಿಯಬೇಕಾಗಿಲ್ಲ. ಸಿಯಾಟಲ್‌ನಲ್ಲಿ ಇರುವವರಿಗೆ ಡಬ್ಬಿಯ ಸಾರ್ಡಿನ್, ಅಲಾಸ್ಕಾದ ಸಾಕೈ ಜಾತಿಯ ಸಾಲ್ಮನ್ ಎರಡೂ ಸುಲಭವಾಗಿ ಸಿಗುತ್ತವೆ. ಸಾಕೈಯಲ್ಲಿ ಒಟ್ಟು ಕೊಬ್ಬು ಸಾಕಿದ ಸಾಲ್ಮನ್‌ನ ಅರ್ಧವೂ ಇಲ್ಲ, ಇದ್ದಷ್ಟು ಕೊಬ್ಬಿನಲ್ಲಿ ಒಮೆಗಾ-3ರ ಪಾಲು ಮಾತ್ರ ದೊಡ್ಡದು.